ಗಳಿಗೆ ಬಟ್ಟಲು ಮತ್ತು ಜಲಗಡಿಯಾರ: ನೀರಿನಿಂದ ಹೊತ್ತು ಅಳೆದ ಚರಿತ್ರೆ

ನೀರಿನಿಂದ ಹೊತ್ತು ಅಳೆಯುವ ಸಾಧನಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ತುಂಬಿದ ಪಾತ್ರೆಯ ಸಣ್ಣ ತೂತಿನಿಂದ ನೀರು ಹೊರಗೆ ಹರಿಯುತ್ತದೆ. ಎಷ್ಟು ನೀರು ಇಳಿಯಿತೆಂದು ನೋಡಿ ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕುತ್ತಾರೆ. ಎರಡನೆಯದರಲ್ಲಿ ತಳದಲ್ಲಿ ತೂತಿರುವ ಖಾಲಿ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ; ಅದು ತುಂಬಿ ಮುಳುಗುವಷ್ಟು ಅವಧಿಯೇ ಒಂದು ಅಳತೆ. ಈಜಿಪ್ಟ್, ಬ್ಯಾಬಿಲೋನ್, ಗ್ರೀಸ್ ದೇಶಗಳು ಮೊದಲ ಬಗೆಯನ್ನು ಬೆಳೆಸಿದವು. ಭಾರತದಲ್ಲೂ ಬಹು ಹಿಂದೆ ಅದೇ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರ ಹೇಳುವ ನಾಲಿಕೆ ನೀರು ಹೊರಗೆ ಹರಿಯುವ ಪಾತ್ರೆ. ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳ ಬಳಿಕ ಇಲ್ಲಿ ಮುಳುಗುವ ಬಟ್ಟಲು ಅದರ ಜಾಗ ಹಿಡಿಯಿತು. ಸಂಸ್ಕೃತ ಗ್ರಂಥಗಳು ಅದನ್ನು ಘಟೀಯಂತ್ರ ಎಂದರೆ, ಕನ್ನಡದ ಜನ ಗಳಿಗೆ ಬಟ್ಟಲು ಎಂದರು.

ಈ ಎರಡು ಬಗೆಗಳನ್ನೂ ತಾವಾಗಿಯೇ ನಡೆಯುವ ಯಂತ್ರಗಳೊಳಕ್ಕೆ ತಂದವರು ಮಧ್ಯಯುಗದ ಇಸ್ಲಾಮಿ ಜಗತ್ತಿನ ಯಂತ್ರವಿದರು. ಬಾಗ್ದಾದ್, ದಮಾಸ್ಕಸ್, ದಿಯಾರ್‌ಬಕಿರ್, ಫೆಜ್ ನಗರಗಳಲ್ಲಿ ಬೆಳೆದ ಆ ವಿದ್ಯೆಯ ಹಲವು ಎಳೆಗಳು ದೆಹಲಿ, ಬೀದರ್, ವಿಜಾಪುರಗಳ ಆಸ್ಥಾನಗಳಿಗೂ ಬಂದವು. ವಿಜಾಪುರದ ಆಳ್ವಿಕೆಯಲ್ಲಿದ್ದ ಆದವಾನಿ ಸೀಮೆ, ಅಂದರೆ ತುಂಗಭದ್ರೆಯ ದಕ್ಷಿಣ ದಡದ ನಂದವರಂ, ಎಮ್ಮಿಗನೂರು, ಮಂತ್ರಾಲಯಗಳ ಸುತ್ತಣ ನಾಡು, ಭಾರತೀಯ ಮತ್ತು ಇಸ್ಲಾಮಿ ಪರಂಪರೆಗಳೆರಡೂ ಒಟ್ಟಿಗೆ ಬಾಳಿದ ನೆಲ.

ಗಳಿಗೆ ಬಟ್ಟಲಿನ ರಚನೆ

ಹಳೆಯ ಲೆಕ್ಕದಲ್ಲಿ ಒಂದು ಹಗಲು ಮತ್ತು ಒಂದು ರಾತ್ರಿ ಸೇರಿದರೆ 60 ಗಳಿಗೆ, ಅಥವಾ 8 ಜಾವ. ಒಂದು ಗಳಿಗೆ ಇಂದಿನ 24 ನಿಮಿಷಕ್ಕೆ ಸಮ. ಒಂದು ಗಳಿಗೆಗೆ 60 ವಿಗಳಿಗೆ. ಒಂದು ವಿಗಳಿಗೆ 24 ಸೆಕೆಂಡು. ಎರಡು ಗಳಿಗೆ ಕೂಡಿದರೆ ಒಂದು ಮುಹೂರ್ತ. ಈ ಎಲ್ಲ ಲೆಕ್ಕಕ್ಕೂ ಆಧಾರವಾಗಿದ್ದುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ತಾಮ್ರದ ಬಟ್ಟಲು.

ಅದು ಅರ್ಧಗೋಲಾಕಾರದ್ದು, ಗಡಿಗೆಯ ಕೆಳಗಿನ ಅರ್ಧದಂತೆ ಕಾಣುತ್ತದೆ. ಅಂಚು ತೆಳು, ತಳದ ನಟ್ಟನಡುವೆ ಸೂಜಿ ತೂರುವಷ್ಟು ತೂತು. ಅಗಲಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ಬಟ್ಟಲನ್ನು ಮೆಲ್ಲನೆ ಇಟ್ಟರೆ ಅದು ತೇಲುತ್ತದೆ. ತಳದಿಂದ ನೀರು ದಾರದ ಎಳೆಯಷ್ಟು ಸಣ್ಣಗೆ ಒಳಗೆ ಚಿಮ್ಮುತ್ತದೆ. ಬಟ್ಟಲು ಭಾರವಾದಂತೆ ಕೆಳಗಿಳಿಯುತ್ತ ಹೋಗಿ, ಕೊನೆಗೆ ಅಂಚು ನೀರಿನ ಮಟ್ಟಕ್ಕೆ ಬರುತ್ತದೆ. ಆಮೇಲೆ ತಡವಿಲ್ಲ, ಸುತ್ತಲಿನ ನೀರು ಅಂಚು ದಾಟಿ ಒಳನುಗ್ಗಿ ಬಟ್ಟಲು ಒಮ್ಮೆಲೆ ತಳ ಸೇರುತ್ತದೆ. ಕಾಯುತ್ತ ಕೂತವನು ಅದನ್ನೆತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟು, ಗಳಿಗೆಯ ಎಣಿಕೆಗೆ ತಕ್ಕಷ್ಟು ಪೆಟ್ಟು ಜಾಗಟೆಗೆ ಹಾಕುತ್ತಿದ್ದ.

ಬಟ್ಟಲಿನ ತೂಕ ಹತ್ತು ಪಲ, ಎತ್ತರ ಆರು ಅಂಗುಲ, ತೂತು ಇಂತಿಷ್ಟು ತೂಕದ ಚಿನ್ನದ ಸೂಜಿ ತೂರುವಷ್ಟು ಎಂದು ಕೆಲವು ಗ್ರಂಥಗಳು ವಿಧಿಸುತ್ತವೆ. ಅಳತೆಯನ್ನು ಎಷ್ಟೇ ಪಾಲಿಸಿದರೂ ಎರಡು ಬಟ್ಟಲು ಸರಿಯಾಗಿ ಒಂದೇ ಸಮನಾಗುವುದಿಲ್ಲ. ಆದ್ದರಿಂದ ಗಣಿತಜ್ಞರು ಪರೀಕ್ಷೆಗೆ ಹೆಚ್ಚು ಬೆಲೆ ಕೊಟ್ಟರು. ಸೂರ್ಯಸಿದ್ಧಾಂತದ ಪ್ರಕಾರ ಅಹೋರಾತ್ರಿಯಲ್ಲಿ 60 ಸಲ ಮುಳುಗುವ ಬಟ್ಟಲೇ ಸರಿಯಾದದ್ದು. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಸಿದ್ಧಾಂತಶಿರೋಮಣಿಯಲ್ಲಿ ಇನ್ನೂ ಸುಲಭ ದಾರಿ ತೋರಿಸಿದ: ಬಟ್ಟಲು ಯಾವ ಗಾತ್ರದ್ದಾದರೂ ಇರಲಿ, ಒಂದು ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆಂದು ಎಣಿಸಿ, 60ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆ ಬಟ್ಟಲಿನ ಅಳತೆ ಎಷ್ಟು ಗಳಿಗೆ ಎಂಬುದು ಸಿಗುತ್ತದೆ. ಭಾಸ್ಕರನ ಊರು ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ. ಅದು ಇಂದಿನ ವಿಜಾಪುರವೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ, ಒಪ್ಪದವರೂ ಇದ್ದಾರೆ.

ಭಾಸ್ಕರನ ಹೆಸರಿನೊಂದಿಗೆ ಗಳಿಗೆ ಬಟ್ಟಲಿನ ಒಂದು ಕಥೆಯೂ ಹರಡಿದೆ. ಮಗಳು ಲೀಲಾವತಿಯ ಮದುವೆಯ ಮುಹೂರ್ತಕ್ಕೆಂದು ಬಟ್ಟಲು ತೇಲಿಬಿಟ್ಟಿದ್ದಾಗ ಅವಳ ಆಭರಣದ ಮುತ್ತೊಂದು ಅದರೊಳಗೆ ಬಿದ್ದು ತೂತು ಮುಚ್ಚಿತು, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು ಎಂಬುದು ಆ ಕಥೆ. ಭಾಸ್ಕರನ ಗ್ರಂಥಗಳಲ್ಲಿ ಇದು ಇಲ್ಲ. ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಭಾಸ್ಕರನ ಲೀಲಾವತಿ ಗ್ರಂಥವನ್ನು ಪಾರ್ಸಿಗೆ ಅನುವಾದಿಸಿ ಅದರ ಮುನ್ನುಡಿಯಲ್ಲಿ ಇದನ್ನು ಬರೆದ. ಇಂದು ಶಾಲೆಯ ಮಕ್ಕಳೂ ಬಲ್ಲ ಗಳಿಗೆ ಬಟ್ಟಲಿನ ಈ ಕಥೆ ಪಾರ್ಸಿ ಪುಸ್ತಕದಿಂದ ಬಂದದ್ದು.

ಹರಿವ ನೀರಿನ ತೊಡಕು

ಹೊರಹರಿವಿನ ಗಡಿಯಾರಕ್ಕೆ ಹುಟ್ಟಿನಿಂದಲೇ ಒಂದು ತೊಡಕಿತ್ತು. ಪಾತ್ರೆ ತುಂಬಿದ್ದಾಗ ಒತ್ತಡ ಹೆಚ್ಚು, ನೀರು ವೇಗವಾಗಿ ಹರಿಯುತ್ತದೆ. ಮಟ್ಟ ಇಳಿದಂತೆ ಹರಿವು ನಿಧಾನವಾಗುತ್ತದೆ. ನೀರಿನ ಎತ್ತರ ಕಾಲುಭಾಗಕ್ಕೆ ಇಳಿದಾಗ ಹರಿವಿನ ವೇಗ ಅರ್ಧವಾಗುತ್ತದೆ. ಹಾಗಾಗಿ ಮೊದಲ ಗಂಟೆಯೂ ಕೊನೆಯ ಗಂಟೆಯೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಗ್ರೀಕರು ಇದಕ್ಕೆ ಪರಿಹಾರ ಹುಡುಕಿದ್ದರು. ಆರ್ಕಿಮಿಡೀಸನ ಹೆಸರಿನಲ್ಲಿ ಅರಬ್ಬಿಯಲ್ಲಿ ಉಳಿದುಬಂದ ಜಲಗಡಿಯಾರದ ಗ್ರಂಥವೊಂದು ಇಸ್ಲಾಮಿ ಯಂತ್ರವಿದರ ಕೈಗೆ ಸಿಕ್ಕಿತು.

ಇನ್ನೊಂದು ತೊಡಕು ಗಂಟೆಯದೇ. ಆ ಕಾಲದ ನಾಗರಿಕ ಲೆಕ್ಕದಲ್ಲಿ ಹಗಲು ಚಿಕ್ಕದಿರಲಿ ದೊಡ್ಡದಿರಲಿ ಅದನ್ನು 12 ಸಮಭಾಗ ಮಾಡುತ್ತಿದ್ದರು. ದಿಯಾರ್‌ಬಕಿರ್ ಊರಿನಲ್ಲಿ ಬೇಸಿಗೆಯ ಅತಿ ದೀರ್ಘ ಹಗಲು ಸುಮಾರು 14.5 ಗಂಟೆ, ಚಳಿಗಾಲದ ಅತಿ ಚಿಕ್ಕ ಹಗಲು ಸುಮಾರು 9.5 ಗಂಟೆ. ಅಲ್ಲಿನ ಜಲಗಡಿಯಾರ ದಿನದಿನವೂ ತನ್ನ ಗತಿ ಬದಲಿಸಿಕೊಳ್ಳಬೇಕಿತ್ತು. ಆದವಾನಿ, ನಂದವರಂ ಕಡೆ ಈ ಏರುಪೇರು ಬಹಳ ಕಡಿಮೆ. ಅಲ್ಲಿ ಹಗಲು ಸುಮಾರು 11ರಿಂದ 13 ಗಂಟೆಯ ನಡುವೆ ಇರುತ್ತದೆ. ಋತು ಯಾವುದಾದರೂ ಒಂದೇ ಅಳತೆ ಕೊಡುವ ಗಳಿಗೆ ಬಟ್ಟಲು ಇಂಥ ನಾಡಿಗೆ ಸಾಕಾಗುತ್ತಿತ್ತು.

ಬಾಗ್ದಾದಿನಿಂದ ದಮಾಸ್ಕಸ್‌ಗೆ

ಇಸ್ಲಾಮಿ ಜಗತ್ತಿನಲ್ಲಿ ಹೊತ್ತಿನ ಅಳತೆಗೆ ನಿತ್ಯದ ಅಗತ್ಯವಿತ್ತು. ಐದು ನಮಾಜಿನ ವೇಳೆಗಳು ಸೂರ್ಯನ ಚಲನೆಗೆ ಕಟ್ಟುಬಿದ್ದಿವೆ. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯುವ ಮತ್ತು ಬಿಡುವ ಗಳಿಗೆ ಖಚಿತವಾಗಬೇಕು. ಬಿಸಿಲಿದ್ದಾಗ ನೆರಳಿನ ಗಡಿಯಾರ ಸಾಕು. ಮೋಡ ಕವಿದಾಗ, ರಾತ್ರಿಯಲ್ಲಿ, ನೀರಿನ ಗಡಿಯಾರವೇ ಬೇಕು. ದೊಡ್ಡ ಮಸೀದಿಗಳಲ್ಲಿ ಈ ಕೆಲಸಕ್ಕೆಂದೇ ಮುವಕ್ಕಿತ್ ಎಂಬ ಖಗೋಳಜ್ಞನನ್ನು ನೇಮಿಸುವ ಪದ್ಧತಿ ಮುಂದೆ ಬೆಳೆಯಿತು.

ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್ ಕಳಿಸಿದ ಹಿತ್ತಾಳೆಯ ಜಲಗಡಿಯಾರ 807ರಲ್ಲಿ ಫ್ರಾಂಕರ ಚಕ್ರವರ್ತಿ ಶಾರ್ಲಮೇನನಿಗೆ ತಲುಪಿತು. ಗಂಟೆಗೊಮ್ಮೆ ಗುಂಡುಗಳು ತಾಳದ ಮೇಲೆ ಬಿದ್ದು ಸದ್ದಾಗುತ್ತಿತ್ತು, ಕಿಟಕಿಗಳಿಂದ ಕುದುರೆ ಸವಾರರ ಗೊಂಬೆಗಳು ಹೊರಬರುತ್ತಿದ್ದವು ಎಂದು ಫ್ರಾಂಕರ ಆಸ್ಥಾನದ ವಾರ್ಷಿಕ ದಾಖಲೆ ಬೆರಗಿನಿಂದ ಹೇಳುತ್ತದೆ. ಅದೇ ಶತಮಾನದಲ್ಲಿ ಬಾಗ್ದಾದಿನ ಬನೂ ಮೂಸಾ ಸೋದರರು ಕವಾಟ, ತೇಲುಬೆಂಡು, ಸೈಫನ್‌ಗಳಿಂದ ತಾವಾಗಿಯೇ ನಡೆಯುವ ಪಾತ್ರೆಗಳ ಗ್ರಂಥ ಬರೆದರು.

ದಮಾಸ್ಕಸ್‌ನ ಉಮಯ್ಯದ್ ಮಸೀದಿಯ ಜೈರೂನ್ ಬಾಗಿಲಲ್ಲಿ ಸುಲ್ತಾನ ನೂರುದ್ದೀನನ ಕಾಲದಲ್ಲಿ (1146–1174) ಮುಹಮ್ಮದ್ ಅಲ್ ಸಾಆತಿ ಒಂದು ಭಾರಿ ಜಲಗಡಿಯಾರ ನಿಲ್ಲಿಸಿದ. ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ 1184ರಲ್ಲಿ ಅದನ್ನು ಕಣ್ಣಾರೆ ಕಂಡ. ಹಗಲಿನ ಪ್ರತಿ ಗಂಟೆಗೆ ಎರಡು ಹಿತ್ತಾಳೆಯ ಡೇಗೆಗಳು ಬಾಯಿಂದ ಗುಂಡು ಉದುರಿಸುತ್ತಿದ್ದವು, ಒಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ರಾತ್ರಿ ಗಂಟೆ ಕಳೆದಂತೆ ಗಾಜಿನ ಹಿಂದಿನ ದೀಪದಿಂದ ವೃತ್ತಗಳು ಒಂದೊಂದಾಗಿ ಬೆಳಗುತ್ತಿದ್ದವು. ಕಟ್ಟಿದವನ ಕಾಲಾನಂತರ ಅದು ಕೆಟ್ಟುನಿಂತಾಗ ದುರಸ್ತಿ ಮಾಡಿದವನು ಅವನ ಮಗ ರಿದ್ವಾನ್. ತಾನು ಮಾಡಿದ ಕೆಲಸವನ್ನೆಲ್ಲ ಅವನು 1203ರಲ್ಲಿ ಗ್ರಂಥವಾಗಿ ಬರೆದಿಟ್ಟ.

ಅಲ್ ಜಝರಿಯ ಕೆಲಸ

ಈ ವಿದ್ಯೆಯ ಅತ್ಯುತ್ತಮ ಗ್ರಂಥ ಬಂದದ್ದು 1206ರಲ್ಲಿ, ದಿಯಾರ್‌ಬಕಿರ್‌ನ ಅರ್ತುಕ್ ವಂಶದ ಆಸ್ಥಾನದಿಂದ. ಇಸ್ಮಾಯಿಲ್ ಅಲ್ ಜಝರಿ ಸುಮಾರು ಕಾಲು ಶತಮಾನ ಆ ಮನೆತನದ ಸೇವೆಯಲ್ಲಿದ್ದ ಯಂತ್ರಶಿಲ್ಪಿ. ದೊರೆ ನಾಸಿರುದ್ದೀನ್ ಮಹಮೂದನ ಅಪ್ಪಣೆಯಂತೆ ತಾನು ಕಟ್ಟಿದ 50 ಯಂತ್ರಗಳ ವಿವರವನ್ನು ಆರು ವಿಭಾಗಗಳಲ್ಲಿ ಬರೆದ. ಮೊದಲ ವಿಭಾಗದಲ್ಲಿ 10 ಗಡಿಯಾರಗಳು: ಆರು ನೀರಿನವು, ನಾಲ್ಕು ಮೇಣದ ಬತ್ತಿಯವು. ಭಾಗಗಳ ಗಾತ್ರ, ಲೋಹ, ಬೆಸುಗೆ, ಜೋಡಿಸುವ ಕ್ರಮ ಎಲ್ಲವನ್ನೂ ಓದಿದವನು ಮತ್ತೆ ಕಟ್ಟಬಲ್ಲಂತೆ ಕೊಟ್ಟಿದ್ದಾನೆ. ಡೊನಾಲ್ಡ್ ಹಿಲ್ 1974ರಲ್ಲಿ ಇದನ್ನು ಇಂಗ್ಲಿಷಿಗೆ ಅನುವಾದಿಸಿದರು; 1976ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕಾಗಿ ಅವನ ಕೋಟೆ ಗಡಿಯಾರವನ್ನು ಗ್ರಂಥದ ಆಧಾರದಿಂದಲೇ ಮತ್ತೆ ಕಟ್ಟಲಾಯಿತು.

ಹರಿವಿನ ಏರುಪೇರಿಗೆ ಅಲ್ ಜಝರಿ ಬಳಸಿದ ಉಪಾಯ ಸರಳ. ದೊಡ್ಡ ತೊಟ್ಟಿಯ ನೀರು ನೇರವಾಗಿ ಹೊರಗೆ ಹರಿಯದೆ ಮೊದಲು ಒಂದು ಚಿಕ್ಕ ಕೋಶಕ್ಕೆ ಇಳಿಯುತ್ತದೆ. ಕೋಶದಲ್ಲಿ ಶಂಕುವಿನಾಕಾರದ ಬಿರಡೆ ಹೊತ್ತ ತೇಲುಬೆಂಡು ಇದೆ. ನೀರು ಏರಿದರೆ ಬೆಂಡು ಮೇಲೆದ್ದು ಬಿರಡೆ ಒಳಬರುವ ನಳಿಗೆಯನ್ನು ಮುಚ್ಚುತ್ತದೆ. ನೀರು ಇಳಿದರೆ ತೆರೆಯುತ್ತದೆ. ಹೀಗೆ ಕೋಶದ ಮಟ್ಟ ಸದಾ ಒಂದೇ ಇದ್ದು ಹರಿವು ಒಂದೇ ಸಮನಾಗುತ್ತದೆ. ಮನೆಯ ಮಾಳಿಗೆಯ ತೊಟ್ಟಿಯಲ್ಲಿ ನೀರು ತುಂಬಿದೊಡನೆ ನಲ್ಲಿ ತಾನೇ ನಿಲ್ಲುವಂತೆ ಮಾಡುವ ಚೆಂಡಿನ ಕವಾಟದ ಕೆಲಸವೂ ಇದೇ.

ಋತುವಿಗೆ ತಕ್ಕಂತೆ ಗಂಟೆ ಹಿಗ್ಗಿಸಲು ಕುಗ್ಗಿಸಲು ಅವನು ರಾಶಿಗಳನ್ನು ಗುರುತು ಮಾಡಿದ ತಟ್ಟೆಯೊಂದನ್ನು ಅಳವಡಿಸಿದ. ಅದರ ಮೇಲೆ ತೂತನ್ನು ತಿರುಗಿಸಿದರೆ ನೀರಿನ ಮಟ್ಟಕ್ಕೂ ತೂತಿಗೂ ನಡುವಿನ ಎತ್ತರ ಬದಲಾಗಿ ಹರಿವು ಹೆಚ್ಚುಕಡಿಮೆಯಾಗುತ್ತದೆ. ಹಿಂದಿನವರ ಅರ್ಧವೃತ್ತದ ತಟ್ಟೆ ಸರಿಯಾದ ಲೆಕ್ಕ ಕೊಡುವುದಿಲ್ಲವೆಂದು ಮಾಡಿನೋಡಿಯೇ ಕಂಡುಕೊಂಡು, ಪೂರ್ಣ ವೃತ್ತದ ತಟ್ಟೆ ಮಾಡಿದ. ಲೋಹದ ತೂತು ನೀರಿನ ಸವೆತಕ್ಕೆ ದೊಡ್ಡದಾಗುತ್ತದೆಂದು ಗಟ್ಟಿ ಕಲ್ಲಾದ ಓನಿಕ್ಸ್‌ನಲ್ಲಿ ತೂತು ಕೊರೆಸಿದ.

ಭಾರತದ ಬಟ್ಟಲು ಈ ಗ್ರಂಥದಲ್ಲಿ ಆನೆ ಗಡಿಯಾರದ ಒಳಗಿದೆ. ಆನೆಯ ಹೊಟ್ಟೆಯಲ್ಲಿ ನೀರಿನ ತೊಟ್ಟಿ. ಅದರ ಮೇಲೆ ತಳ ತೂತಾದ ಬಟ್ಟಲು. ಬಟ್ಟಲು ಮೆಲ್ಲನೆ ಇಳಿಯುವಾಗ ಆನೆಯ ಮೇಲೆ ಕುಳಿತ ಲಿಪಿಕಾರನ ಗೊಂಬೆ ತಿರುಗಿ, ಅವನ ಲೇಖನಿ ಗೆರೆಗಳ ಮೇಲೆ ಸರಿಯುತ್ತದೆ. ಅರ್ಧ ಗಂಟೆ ತುಂಬಿದಾಗ ಬಟ್ಟಲು ಮುಳುಗಿ ದಾರ ಎಳೆಯುತ್ತದೆ. ಮೇಲಿನ ಅಂಬಾರಿಯಿಂದ ಒಂದು ಗುಂಡು ಬಿಡುಗಡೆಯಾಗುತ್ತದೆ. ಶಿಖರದ ಹಕ್ಕಿ ತಿರುಗುತ್ತದೆ. ಗುಂಡು ಡೇಗೆಯ ಕೊಕ್ಕಿನಿಂದ ಹಾವಿನ ಬಾಯಿಗೆ ಬೀಳುತ್ತದೆ. ಗುಂಡಿನ ಭಾರಕ್ಕೆ ಹಾವು ಕೆಳಗೆ ಬಾಗಿ, ಅದಕ್ಕೆ ಕಟ್ಟಿದ ಸರಪಳಿ ಮುಳುಗಿದ ಬಟ್ಟಲನ್ನು ಮೇಲೆತ್ತಿ ಬರಿದು ಮಾಡುತ್ತದೆ. ಗುಂಡು ಕೆಳಗುರುಳಿ ಸದ್ದು ಮಾಡುವಾಗ ಮಾವುತ ಆನೆಗೆ ಪೆಟ್ಟು ಕೊಡುತ್ತಾನೆ. ಹಾವು ಮತ್ತೆ ಮೇಲೇಳುತ್ತದೆ, ಬಟ್ಟಲು ಮತ್ತೆ ತೇಲುತ್ತದೆ. ಗುಂಡುಗಳು ಮುಗಿಯುವವರೆಗೆ ಯಾರೂ ಮುಟ್ಟಬೇಕಿಲ್ಲ.

ಭಾರತದಲ್ಲಿ ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡಲು ಹಗಲು ರಾತ್ರಿ ಒಬ್ಬ ಮನುಷ್ಯ ಕಾಯಬೇಕಿತ್ತು. ಆ ಕೆಲಸವನ್ನು ಅಲ್ ಜಝರಿ ಯಂತ್ರಕ್ಕೇ ವಹಿಸಿದ. ಬಟ್ಟಲು ಮುಳುಗಿದ್ದೇ ಅದು ಮೇಲೇಳಲು ಕಾರಣವಾಗುವ ಈ ಸುತ್ತು, ತನ್ನನ್ನು ತಾನೇ ನಡೆಸಿಕೊಳ್ಳುವ ಯಂತ್ರಗಳ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ. ಆನೆ ಮತ್ತು ಬಟ್ಟಲು ಭಾರತದವು, ನೀರಿನ ಕೈಚಳಕದ ಮೂಲ ಗ್ರೀಕರದು. ಎರಡನ್ನೂ ಒಂದು ಮಾಡಿದ್ದು ಅರಬ್ಬಿಯಲ್ಲಿ ಬರೆಯುತ್ತಿದ್ದ ಕುಶಲಕರ್ಮಿ.

ಫೆಜ್‌ನ ಗಡಿಯಾರದ ಮನೆ

ಮಧ್ಯಯುಗದ ದೊಡ್ಡ ಜಲಗಡಿಯಾರಗಳಲ್ಲಿ ಇಂದಿಗೂ ಬೀದಿಯಲ್ಲಿ ನಿಂತು ನೋಡಸಿಗುವುದು ಮೊರಾಕೊ ದೇಶದ ಫೆಜ್ ನಗರದ ದಾರ್ ಅಲ್ ಮಗಾನಾ. ಮರೀನಿ ಸುಲ್ತಾನ ಅಬು ಇನಾನ್ ತನ್ನ ಹೆಸರಿನ ಬು ಇನಾನಿಯಾ ಮದ್ರಸಾದ ಎದುರಿಗೆ ಇದನ್ನು ಕಟ್ಟಿಸಿದ. ಮುವಕ್ಕಿತ್ ಅಲಿ ಇಬ್ನ್ ಅಹಮದ್ ಅಲ್ ತಿಲಿಮ್ಸಾನಿ ಯಂತ್ರವನ್ನು 1357ರ ಮೇ 6ರಂದು ಪೂರೈಸಿದ.

ಕಟ್ಟಡದ ಮುಖದಲ್ಲಿ 12 ಕಿಟಕಿಗಳ ಸಾಲು, ಅದರ ಕೆಳಗೆ ಹಿತ್ತಾಳೆಯ ಬೋಗುಣಿ ಇಡಲು ಮರದ ಚಾಚುಪೀಠಗಳು. ಗಂಟೆಗೊಂದು ಬಾಗಿಲು ತೆರೆದು, ಲೋಹದ ಗುಂಡು ಬೋಗುಣಿಗೆ ಬಿದ್ದು ಬೀದಿಗೆಲ್ಲ ಕೇಳಿಸುತ್ತಿತ್ತು. ಒಳಗಿನ ಯಂತ್ರ ಉಳಿದಿಲ್ಲ. ಕಿಟಕಿಗಳ ಹಿಂದೆ ಚಿಕ್ಕ ಗಾಡಿಯೊಂದು ಸರಿಯುತ್ತಿತ್ತು, ಅದರ ಒಂದು ತುದಿಯ ಹಗ್ಗಕ್ಕೆ ತೂಗುವ ಭಾರ, ಇನ್ನೊಂದು ತುದಿಯ ಹಗ್ಗಕ್ಕೆ ತೊಟ್ಟಿಯ ನೀರಿನಲ್ಲಿ ತೇಲುವ ಭಾರ ಕಟ್ಟಿತ್ತು ಎಂಬುದು ವಿದ್ವಾಂಸರ ಊಹೆ. ನೀರು ಒಂದೇ ಗತಿಯಲ್ಲಿ ಇಳಿದಂತೆ ಗಾಡಿ ಮುಂದೆ ಸರಿದು ಒಂದೊಂದೇ ಬಾಗಿಲ ಅಗಳಿಯನ್ನು ಬಿಡಿಸುತ್ತಿತ್ತು. ಅದೇ ನಗರದ ಕರವೀಯಿನ್ ಮಸೀದಿಯ ಮುವಕ್ಕಿತ್ ಕೋಣೆಯಲ್ಲಿ ಹದಿನಾಲ್ಕನೆಯ ಶತಮಾನದ ಇನ್ನೊಂದು ಜಲಗಡಿಯಾರದ ಅವಶೇಷವಿದೆ.

ದೆಹಲಿಯ ಜಾಗಟೆ, ದಖ್ಖನಿನ ಖಗೋಳ

ದೆಹಲಿ ಸುಲ್ತಾನರು ಭಾರತಕ್ಕೆ ಬಂದಾಗ ಇಲ್ಲಿ ಅವರಿಗೆ ಸಿಕ್ಕಿದ್ದು ಗಳಿಗೆ ಬಟ್ಟಲು. ಅವರು ಅದನ್ನೇ ಒಪ್ಪಿಕೊಂಡರು. ಥಟ್ಟಾ ದಂಡಯಾತ್ರೆ ಮುಗಿಸಿ ಬಂದ ಫಿರೋಜ್ ಷಾ ತುಘಲಕ್ ಫಿರೋಜಾಬಾದಿನಲ್ಲಿ ಬಟ್ಟಲು ಮತ್ತು ಜಾಗಟೆಯ ತಾಸ್ ಎ ಘಡಿಯಾಲ್ ಸ್ಥಾಪಿಸಿದನೆಂದು ಅವನ ಚರಿತ್ರೆಕಾರ ಶಂಸ್ ಸಿರಾಜ್ ಅಫೀಫ್ ಬರೆದಿದ್ದಾನೆ. ಮೋಡದ ದಿನಗಳಲ್ಲಿ ನಮಾಜಿನ ವೇಳೆ, ಉಪವಾಸ ಬಿಡುವ ಸಮಯ ತಿಳಿಯುವುದು ಅದರ ಪ್ರಯೋಜನಗಳಲ್ಲಿ ಮುಖ್ಯವಾದವು. ಹೀಗೆ ಮದುವೆಯ ಮುಹೂರ್ತ ಹೇಳುತ್ತಿದ್ದ ಬಟ್ಟಲೇ ನಮಾಜಿನ ವೇಳೆಯನ್ನೂ ಹೇಳತೊಡಗಿತು.

ಹದಿನಾರನೆಯ ಶತಮಾನದಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದುಸ್ತಾನದ ಗಳಿಗೆ, ಜಾವಗಳ ಲೆಕ್ಕ, ಎತ್ತರದಲ್ಲಿ ತೂಗುಹಾಕಿದ ದಪ್ಪ ಹಿತ್ತಾಳೆಯ ಜಾಗಟೆ, ಅದನ್ನು ಬಾರಿಸುವ ಘಡಿಯಾಲಿಗಳನ್ನು ವಿವರಿಸಿದ್ದಾನೆ. ಜಾಗಟೆಯಿಂದ ಗಳಿಗೆಯಷ್ಟೇ ತಿಳಿಯುತ್ತಿತ್ತು, ರಾತ್ರಿ ನಿದ್ದೆಯಿಂದ ಎದ್ದವರಿಗೆ ಯಾವ ಜಾವವೆಂದು ತಿಳಿಯುತ್ತಿರಲಿಲ್ಲ. ಗಳಿಗೆಯ ಪೆಟ್ಟುಗಳಾದ ಮೇಲೆ ತುಸು ಬಿಟ್ಟು ಜಾವದ ಪೆಟ್ಟುಗಳನ್ನೂ ಹೊಡೆಯಬೇಕೆಂದು ಬಾಬರ್ ಆಜ್ಞೆ ಮಾಡಿದ.

ದಖ್ಖನಿನಲ್ಲಿ 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ ಪಾರ್ಸಿ ವಿದ್ವಾಂಸರಿಗೆ ಬಾಗಿಲು ತೆರೆಯಿತು. ಫಿರೋಜ್ ಷಾ ಬಹಮನಿ (1397–1422) ಸ್ವತಃ ಖಗೋಳಾಸಕ್ತ. ಅವನು 1407ರಲ್ಲಿ ದೌಲತಾಬಾದಿನ ಬಳಿಯ ಘಟ್ಟದ ಮೇಲೆ ವೇಧಶಾಲೆ ಕಟ್ಟಿಸಲು ತೊಡಗಿದ; ಅದರ ಹೊಣೆ ಹೊತ್ತ ಹಕೀಂ ಹಸನ್ ಗೀಲಾನಿ ತೀರಿಕೊಂಡು ಕೆಲಸ ಅರ್ಧಕ್ಕೇ ನಿಂತಿತು.

ವಿಜಾಪುರದ ಒಂದನೆಯ ಅಲಿ ಆದಿಲ್ ಷಾ (1557–1580) ಈ ಆಸಕ್ತಿಯನ್ನು ಮುಂದುವರಿಸಿದ. ಅವನ ಆಸ್ಥಾನದಲ್ಲಿ 1570–71ರಲ್ಲಿ ಸಿದ್ಧವಾದ ನುಜೂಮ್ ಉಲ್ ಉಲೂಮ್ ಎಂಬ ಸಚಿತ್ರ ಹಸ್ತಪ್ರತಿಯಲ್ಲಿ ಭಾರತೀಯ ಮತ್ತು ಇಸ್ಲಾಮಿ ಗ್ರಹನಕ್ಷತ್ರ ವಿದ್ಯೆಗಳು ಅಕ್ಕಪಕ್ಕ ಕೂತಿವೆ. ಅದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಶಿರಾಜಿನಿಂದ ಅವನು ಕರೆಸಿಕೊಂಡ ಫತೆಹುಲ್ಲಾ ಶಿರಾಜಿ ಗಣಿತ, ಖಗೋಳ, ಯಂತ್ರಶಾಸ್ತ್ರ ಮೂರರಲ್ಲೂ ಪಳಗಿದವನು. ಅಲಿಯ ಕೊಲೆಯ ಬಳಿಕ ಶಿರಾಜಿ 1583ರಲ್ಲಿ ಅಕ್ಬರನ ಆಸ್ಥಾನ ಸೇರಿದ. ಸಾಗುತ್ತಲೇ ಹಿಟ್ಟು ಬೀಸುವ ಗಾಡಿ, ಹಲವು ಬಂದೂಕಿನ ನಳಿಗೆಗಳನ್ನು ಒಟ್ಟಿಗೆ ಶುಚಿ ಮಾಡುವ ಯಂತ್ರ, 1584ರ ಇಲಾಹಿ ಪಂಚಾಂಗ ಅವನ ಕೆಲಸಗಳು.

ಕರೇಜ್ ಮತ್ತು ಗಂಜ್

ಇಸ್ಲಾಮಿ ಜಲವಿದ್ಯೆ ಕರ್ನಾಟಕದಲ್ಲಿ ಅತಿ ಗಟ್ಟಿಯಾಗಿ ಉಳಿದಿರುವುದು ನೆಲದಡಿಯ ನೀರಿನ ದಾರಿಗಳಲ್ಲಿ. ಬೀದರಿನ ನೌಬಾದಿನಲ್ಲಿ ಹದಿನೈದನೆಯ ಶತಮಾನದ ಕರೇಜ್ ಇದೆ: ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ, 2 ಕಿಲೋಮೀಟರಿಗೂ ಉದ್ದದ ಸುರಂಗ. ಮೇಲಿನಿಂದ ಬಾವಿಯಂತೆ ಕಾಣುವ 20ಕ್ಕೂ ಹೆಚ್ಚು ಗಾಳಿಕಂಡಿಗಳು ಅದಕ್ಕಿವೆ. ಅಂತರ್ಜಲ ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ಈ ವಿಧಾನ ಇರಾನಿನದು.

ಇರಾನಿನ ಇಂಥ ಸುರಂಗ ಕಾಲುವೆಗಳಿಗೂ ಮುಳುಗುವ ಬಟ್ಟಲಿಗೂ ಹತ್ತಿರದ ನಂಟು. ಅಲ್ಲಿ ಪೆಂಗಾನ್ ಎಂಬ ತೂತಿನ ಬಟ್ಟಲನ್ನು ತೇಲಿಬಿಟ್ಟು, ಒಬ್ಬೊಬ್ಬ ರೈತನ ಹೊಲಕ್ಕೆ ಎಷ್ಟು ಬಟ್ಟಲಿನಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದರು. ಊರಿನವರು ನಂಬಿದ ಹಿರಿಯನೊಬ್ಬ ಬಟ್ಟಲಿನ ಬಳಿ ಕೂತು, ಮುಳುಗಿದ್ದನ್ನು ಕಲ್ಲು ಹಾಕಿ ಎಣಿಸುತ್ತಿದ್ದ. ಕನ್ನಡ ನಾಡಿನ ಕೆರೆಗಳಲ್ಲಿ ನೀರಗಂಟಿ ಮಾಡುತ್ತಿದ್ದ ನ್ಯಾಯದ ಹಂಚಿಕೆಯ ಕೆಲಸವೇ ಅದು. ಗೊನಾಬಾದ್ ಪ್ರದೇಶದಲ್ಲಿ ಈ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು.

ವಿಜಾಪುರಕ್ಕೆ ತೊರವಿಯಿಂದ ಸುರಂಗದ ಮೂಲಕ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂಬ ಚೌಕ ನೀರುಗೋಪುರಗಳಿದ್ದವು. ಕೊಳವೆಯ ನೀರು ಗೋಪುರದ ಮೇಲಕ್ಕೆ ಏರಿ, ಒತ್ತಡ ಕಳೆದುಕೊಂಡು, ಹೂಳು ತಳಕ್ಕಿಳಿದ ಮೇಲೆ ಮುಂದಕ್ಕೆ ಹೋಗುತ್ತಿತ್ತು. ಒತ್ತಡ ಮಿತಿ ಮೀರಿದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದನ್ನು ಹತೋಟಿಯಲ್ಲಿಡುವುದೇ ಗಂಜ್‌ಗಳ ಕೆಲಸ. ನೀರಿನ ಮಟ್ಟ ಕಾಯ್ದುಕೊಳ್ಳುವ ಈ ವಿದ್ಯೆ ಜಲಗಡಿಯಾರದಲ್ಲಿ ಗೇಣಿನ ಅಳತೆಯಲ್ಲಿದ್ದರೆ ವಿಜಾಪುರದಲ್ಲಿ ಇಡೀ ನಗರದ ಅಳತೆಯಲ್ಲಿತ್ತು.

ಆದವಾನಿ ಸೀಮೆ

ಆದವಾನಿ ವಿಜಯನಗರದ ಬಲವಾದ ಗಿರಿದುರ್ಗಗಳಲ್ಲಿ ಒಂದು. ವಿಜಯನಗರ ಸೋತ 1565ರ ಯುದ್ಧದ ಬಳಿಕ, ಒಂದನೆಯ ಅಲಿ ಆದಿಲ್ ಷಾನ ಕಾಲದಲ್ಲೇ ಅದು ವಿಜಾಪುರದ ಕೈಸೇರಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಆಳಿದವನು ಅಬಿಸೀನಿಯ ಮೂಲದ ಸಿದ್ದಿ ಮಸೂದ್ ಖಾನ್. ಊರಿನ ಕಲ್ಲಿನ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ರಾಘವೇಂದ್ರ ಸ್ವಾಮಿಗಳಿಗೆ ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ಬಿಟ್ಟುಕೊಟ್ಟವನೂ ಈ ನವಾಬನೇ ಎಂದು ಮಠದ ಪರಂಪರೆ ಹೇಳುತ್ತದೆ. ಗುರುಗಳು ಅಲ್ಲಿ ವೃಂದಾವನಸ್ಥರಾದದ್ದು 1671ರಲ್ಲಿ. 1688ರಲ್ಲಿ ಆದವಾನಿ ಮೊಘಲರ ವಶವಾಯಿತು. ಮುಂದೆ ಹೈದರಾಬಾದಿನ ನಿಜಾಮರ ಮನೆತನದ ಬಸಾಲತ್ ಜಂಗನ ಜಹಗೀರಾಯಿತು. 1786ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ಗೆದ್ದ. 1800ರಲ್ಲಿ ದತ್ತಮಂಡಲದೊಂದಿಗೆ ಬ್ರಿಟಿಷರಿಗೆ ಹೋಯಿತು. 1953ರ ಅಕ್ಟೋಬರ್ 1ರವರೆಗೆ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ದಿನ ಆಂಧ್ರ ರಾಜ್ಯಕ್ಕೆ ಸೇರಿತು.

ಇಂಥ ಸೀಮೆಯಲ್ಲಿ ಎರಡು ಕಾಲಗಣನೆಗಳು ಒಂದೇ ಬೀದಿಯಲ್ಲಿ ನಡೆದವು. ಮಠ, ದೇವಸ್ಥಾನಗಳಲ್ಲಿ ದಿನ ಸೂರ್ಯೋದಯಕ್ಕೆ ಆರಂಭ. ತಿಥಿ, ನಕ್ಷತ್ರ, ಮುಹೂರ್ತಗಳು ಉದಯಾದಿ ಗಳಿಗೆಯಲ್ಲಿ. ಮಸೀದಿಯಲ್ಲಿ ದಿನ ಸೂರ್ಯಾಸ್ತಕ್ಕೆ ಆರಂಭ. ತಿಂಗಳು ಚಂದ್ರದರ್ಶನದಿಂದ, ನಮಾಜು ಸೂರ್ಯನ ಎತ್ತರದಿಂದ. ಕನ್ನಡ, ತೆಲುಗು, ಉರ್ದು ಮೂರನ್ನೂ ಆಡುವ ಈ ಊರುಗಳಲ್ಲಿ ಏಕಾದಶಿಯ ಪಾರಣೆಗೂ ರಂಜಾನಿನ ಇಫ್ತಾರಿಗೂ ಹೊತ್ತು ನೋಡುವ ಎಚ್ಚರ ಒಂದೇ ತೆರನಾದದ್ದು.

ಬಟ್ಟಲಿನ ಕೊನೆಯ ಕಾಲ

ಇಸ್ತಾಂಬುಲಿನಲ್ಲಿ ತಖಿಯುದ್ದೀನ್ 1577ರ ಹೊತ್ತಿಗೆ ವೇಧಶಾಲೆಯಲ್ಲಿ ಹಲ್ಲುಚಕ್ರದ ಯಂತ್ರಗಡಿಯಾರ ಬಳಸುತ್ತಿದ್ದ. ಭಾರತದ ಆಸ್ಥಾನಗಳಿಗೂ ಯುರೋಪಿನ ಗಡಿಯಾರಗಳು ಕಾಣಿಕೆಯಾಗಿ ಬಂದವು. ಆದರೂ ಊರಿನ ಹೊತ್ತು ಹೇಳುವ ಕೆಲಸ ಬಟ್ಟಲಿನಿಂದ ಕೂಡಲೇ ಕೈತಪ್ಪಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜಾನ್ ಗಿಲ್‌ಕ್ರಿಸ್ಟ್ ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯಲ್ಲಿ ಹಿಂದುಸ್ತಾನದ ಕಾಲಮಾಪನದ ಬಗ್ಗೆ ಬರೆದಾಗ ಬಟ್ಟಲು, ಜಾಗಟೆಗಳು ಬಳಕೆಯಲ್ಲೇ ಇದ್ದವು, ಪಾಳಿಯ ಮೇಲೆ ಕಾಯುವ ಘಡಿಯಾಲಿಗಳೂ ಇದ್ದರು. ಸಾಲು ಸಾಲು ಆಳುಗಳು ಬೇಕಾದ ಈ ಏರ್ಪಾಡು ಸಿರಿವಂತರಿಗೆ, ಸರ್ಕಾರಕ್ಕೆ ಮಾತ್ರ ಸಾಧ್ಯವಿತ್ತು.

ಬಟ್ಟಲಿಗೆ ತನ್ನವೇ ಆದ ಕೊರತೆಗಳಿದ್ದವು. ನೀರಿನ ಸುಣ್ಣದ ಅಂಶ ಕಟ್ಟಿ ತೂತು ಕಿರಿದಾದರೆ ಗಳಿಗೆ ಉದ್ದವಾಗುತ್ತಿತ್ತು. ಉಜ್ಜಿ ಉಜ್ಜಿ ತೂತು ಸವೆದರೆ ಗಿಡ್ಡವಾಗುತ್ತಿತ್ತು. ಚಳಿಯಲ್ಲಿ ನೀರು ಮಂದವಾಗಿ ಹರಿಯುತ್ತಿತ್ತು. ಎತ್ತಿ ಇಡುವ ನಡುವೆ ಕೆಲವು ಕ್ಷಣ ಸೋರಿಹೋಗುತ್ತಿದ್ದವು. ಸೂರ್ಯೋದಯ, ಸೂರ್ಯಾಸ್ತಗಳಿಗೆ ದಿನಕ್ಕೆರಡು ಸಲ ಎಣಿಕೆ ಹೊಸದಾಗಿ ಆರಂಭವಾಗುತ್ತಿದ್ದುದರಿಂದ ಈ ತಪ್ಪುಗಳು ಬೆಳೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಚೇರಿ, ರೈಲು, ತಂತಿ ಅಂಚೆ ಬಂದು 24 ಗಂಟೆಯ ದಿನ ನೆಲೆಗೊಂಡಾಗ ಘಡಿಯಾಲಿಯ ವೃತ್ತಿ ಮುಗಿಯಿತು. ಮದುವೆಯ ಮುಹೂರ್ತಕ್ಕಾಗಿ ಮಾತ್ರ ಪುರೋಹಿತರ ಮನೆಗಳಲ್ಲಿ ಬಟ್ಟಲು ಇನ್ನಷ್ಟು ಕಾಲ ಉಳಿಯಿತು.

ಇಂದು ನೋಡಸಿಗುವುದು

ಫೆಜ್‌ನಲ್ಲಿ ಕಿಟಕಿಗಳ ಸಾಲು ಇದೆ, ಯಂತ್ರವಿಲ್ಲ. ಅಲ್ ಜಝರಿಯ ಗ್ರಂಥದ 1206ರ ಪ್ರತಿ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿದೆ. ಆನೆ ಗಡಿಯಾರದ 1315ರ ಚಿತ್ರಪುಟ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ದುಬೈನ ಇಬ್ನ್ ಬತೂತಾ ಮಾಲ್‌ನಲ್ಲಿ ನಿಲ್ಲಿಸಿರುವ ಆನೆ ಗಡಿಯಾರದ ದೊಡ್ಡ ಪ್ರತಿಕೃತಿಯನ್ನು ಕೊಲ್ಲಿಗೆ ದುಡಿಯಲು ಹೋದ ಕನ್ನಡಿಗರೂ ನೋಡಬಹುದು. ನೌಬಾದಿನ ಕರೇಜ್‌ನ ಹೂಳನ್ನು 2015ರ ಆಸುಪಾಸಿನಲ್ಲಿ ತೆಗೆದಾಗ ಮತ್ತೆ ನೀರು ಹರಿಯಿತು. ವಿಜಾಪುರದ ಗಂಜ್‌ಗಳು ಊರಿನ ಹಲವೆಡೆ ನಿಂತಿವೆ. ಆದವಾನಿಯ ಜಾಮಿಯಾ ಮಸೀದಿಯಲ್ಲಿ ನಮಾಜು ನಡೆಯುತ್ತಿದೆ.

ಗಳಿಗೆ ಬಟ್ಟಲಿಗೆ ಇಂಥ ರಕ್ಷಣೆ ಸಿಕ್ಕಿಲ್ಲ. ಅದು ಚಿಕ್ಕದು, ಹೆಸರು ಕೆತ್ತಿಲ್ಲದ್ದು. ತೂತಿರುವ ತಾಮ್ರದ ಬಟ್ಟಲು ಹಳೆಯ ಪಾತ್ರೆಗಳ ಜೊತೆ ತೂಕಕ್ಕೆ ಹೋಗುವುದು ಸುಲಭ. ತುಂಗಭದ್ರೆಯ ಎರಡೂ ದಡದ ಹಳೆಯ ಮನೆ, ಮಠಗಳಲ್ಲಿ ಉಳಿದಿರಬಹುದಾದ ಬಟ್ಟಲುಗಳನ್ನು ಹುಡುಕಿ, ಅಳೆದು, ನೀರಿನಲ್ಲಿ ತೇಲಿಬಿಟ್ಟು ಪರೀಕ್ಷಿಸಿ ದಾಖಲಿಸುವುದು ಈ ಚರಿತ್ರೆಗೆ ಇನ್ನೂ ಸಲ್ಲಬೇಕಾದ ಕೆಲಸ. ಆ ಬಟ್ಟಲಿನ ಅಳತೆ ಮಾತ್ರ ಬಳಕೆಯಿಂದ ಹೋಗಿಲ್ಲ: ಸಾಂಪ್ರದಾಯಿಕ ಪಂಚಾಂಗಗಳು ತಿಥಿ, ನಕ್ಷತ್ರಗಳ ಮುಕ್ತಾಯವನ್ನು ಇಂದಿಗೂ ಗಳಿಗೆ ವಿಗಳಿಗೆಗಳಲ್ಲೇ ಅಚ್ಚು ಹಾಕುತ್ತವೆ.